ಪಿಯುಸಿ ಕೆಮಿಸ್ಟ್ರಿಗೆ ಎಲ್ಲಿ ಹಾಕೂದ್ರಿ? ಕಾಲೇಜು, ಟ್ಯೂಷನ್, ಹಾಸ್ಟೆಲ್, ಮೊಬೈಲ್: ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಯವರಿಗೆ ಒಂದು ಹೋಲಿಕೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಆಳಂದದವರಿರಲಿ, ಸುರಪುರದವರಿರಲಿ, ಹುಮನಾಬಾದಿನವರಿರಲಿ, ಸೈನ್ಸ್ ಎಂದು ತೀರ್ಮಾನಿಸಿದ ಮೇಲೆ ಕೇಳುವುದು ಇದನ್ನೇ: "ಫಿಜಿಕ್ಸ್ ಹೆಂಗರ ಮಾಡ್ತಾನ, ಬಯಾಲಜಿ ಕುಂತು ಓದ್ತಾನ, ಈ ಕೆಮಿಸ್ಟ್ರಿಗೆ ಎಲ್ಲಿ ಹಾಕೂದ್ರಿ?" ಸರ್ಕಾರಿ ಕಾಲೇಜು ಸಾಕೇ, ಸಂಜೆ ಟ್ಯೂಷನ್ ಬೇಕೇ, ಬೀದರಿನ ಹಾಸ್ಟೆಲ್ಲಿಗೆ ಕಳಿಸಬೇಕೇ, ಲಾತೂರು ಹೈದರಾಬಾದು ನೋಡಬೇಕೇ, ಇಲ್ಲಾ ಮೊಬೈಲಿನಲ್ಲೇ ಆಗಿಹೋಗುತ್ತದೆಯೇ?

2025ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ, ದ್ವಿತೀಯ ಪಿಯುಸಿಯಲ್ಲಿ ಯಾದಗಿರಿ ಜಿಲ್ಲಾವಾರು ಪಟ್ಟಿಯ ಕೊನೆಗೆ ನಿಂತವು. ಅದನ್ನು ಓದಿದ ತಂದೆ ತಾಯಿಗೆ ದಿಗಿಲಾಗುವುದು ಸಹಜ, ದಿಗಿಲಾದಾಗ ಕೈ ಮೊದಲು ಹೋಗುವುದು ಜೇಬಿಗೆ. ಪಿಯು ಮಕ್ಕಳಿಗೆ ಈ ವಿಷಯ ಹೇಳಿಕೊಡುತ್ತ ಬಂದವನಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೆಮಿಸ್ಟ್ರಿಯಲ್ಲಿ ಹಿಂದೆ ಬಿದ್ದ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಪಾಠ ಸಾಲದೆ ಹೋಗಿರುವುದಿಲ್ಲ. ಅವರು ಬರೆದದ್ದನ್ನು ನೋಡಿ "ಇಲ್ಲಿ ತಪ್ಪೀದಿ" ಎನ್ನುವ ಮನುಷ್ಯ ಸಿಕ್ಕಿರುವುದಿಲ್ಲ. ಅಂಥವರು ಎಲ್ಲಿ, ಎಷ್ಟು ದುಡ್ಡಿಗೆ, ಎಷ್ಟು ದೂರದಲ್ಲಿ ಸಿಗುತ್ತಾರೆ ಎಂಬುದನ್ನು ನೋಡಿ ಉಳಿದ ಲೆಕ್ಕ ಹಾಕಬೇಕು.

ದುಡ್ಡು ಕಟ್ಟುವ ಮೊದಲು ನೋಡಬೇಕಾದದ್ದು

ಗುರಿಯಿಂದ ಶುರು ಮಾಡೋಣ. ಪುಸ್ತಕ ಒಂದೇ ಆದರೂ ಪರೀಕ್ಷೆ ಬದಲಾದಂತೆ ಓದುವ ರೀತಿ ಬದಲಾಗುತ್ತದೆ. ದ್ವಿತೀಯ ಪಿಯುಸಿಯಲ್ಲಿ ಬರವಣಿಗೆಗೆ 70 ಅಂಕ, ಪ್ರಾಯೋಗಿಕಕ್ಕೆ 30. ರಾಜ್ಯದ ಪ್ರವೇಶ ಪರೀಕ್ಷೆಯಾದ ಕೆಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ತಪ್ಪು ಉತ್ತರಕ್ಕೆ ಕಡಿತವಿಲ್ಲ. ನೀಟ್‌ನಲ್ಲಿ 720ರ ಪೈಕಿ ಕೆಮಿಸ್ಟ್ರಿಗೆ 45 ಪ್ರಶ್ನೆ, 180 ಅಂಕ. ಸರಿಯಾದರೆ 4, ತಪ್ಪಾದರೆ ಒಂದು ಹೋಗುತ್ತದೆ. ಜೆಇಇ ಮೇನ್‌ನಲ್ಲಿ 25 ಪ್ರಶ್ನೆ, 100 ಅಂಕ. ಅದರಲ್ಲಿ ಐದಕ್ಕೆ ಆಯ್ಕೆಗಳೇ ಇರುವುದಿಲ್ಲ, ಲೆಕ್ಕ ಮಾಡಿ ಸಂಖ್ಯೆಯನ್ನೇ ತುಂಬಬೇಕು.

ಇದರೊಳಗೆ ಪಾಲಕರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಎಂಜಿನಿಯರಿಂಗ್‌ಗೆ ಕೆಸಿಇಟಿ ರ‍್ಯಾಂಕ್ ಕೊಡುವಾಗ ಅರ್ಧ ಪಾಲು ಸಿಇಟಿ ಅಂಕ, ಇನ್ನರ್ಧ ಪಾಲು ಪಿಯುಸಿಯ ಫಿಜಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕ. ಎಂದ ಮೇಲೆ ಲ್ಯಾಬಿನ ಆ 30 ಅಂಕವೂ ರ‍್ಯಾಂಕಿನೊಳಗೆ ಸೇರಿತು. "ಬೋರ್ಡ್ ಪರೀಕ್ಷೆ ಬಿಡ್ರಿ, ಎಂಟ್ರೆನ್ಸ್ ನೋಡ್ರಿ" ಎನ್ನುವ ಕಡೆ ಎಂಜಿನಿಯರಿಂಗ್ ಬಯಸುವ ಮಗುವನ್ನು ಹಾಕುವುದೆಂದರೆ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಂತೆ. ವೈದ್ಯಕೀಯದ ಲೆಕ್ಕ ಬೇರೆ. ಪಿಯುಸಿಯಲ್ಲಿ ಫಿಜಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 50, ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗಗಳಿಗೆ ಶೇ. 40 ದಾಟಿದರೆ ಅರ್ಹತೆ ಸಿಕ್ಕಿತು. ಆಮೇಲೆ ನಡೆಯುವುದೆಲ್ಲ ನೀಟ್ ಅಂಕದ ಮೇಲೆ.

ಗುರಿಯ ಮಾತು ಬಂದಾಗ ಸಂವಿಧಾನದ 371(ಜೆ) ವಿಧಿ ಮರೆಯಬೇಡಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಮೀಸಲಿದೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಎಂಬ ವೈದ್ಯಕೀಯ ಕಾಲೇಜುಗಳು, ಪಿಡಿಎ ಎಂಜಿನಿಯರಿಂಗ್ ಕಾಲೇಜು, ಕಲಬುರಗಿ ಮತ್ತು ಭೀಮರಾಯನಗುಡಿಯ ಕೃಷಿ ಕಾಲೇಜು, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಎಲ್ಲ ಮನೆಯ ಹತ್ತಿರವೇ ಇವೆ. ಬೆಂಗಳೂರಿನ ಹುಡುಗನ ಕಟ್ ಆಫ್ ನೋಡಿ ಹೆದರಿ ಲಕ್ಷಗಟ್ಟಲೆ ಸುರಿಯುವ ಮೊದಲು ನಿಮ್ಮ ವರ್ಗದ, ನಿಮ್ಮ ಪ್ರದೇಶದ ಹಿಂದಿನ ವರ್ಷದ ಕೊನೆಯ ರ‍್ಯಾಂಕ್ ಎಷ್ಟಿತ್ತೆಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಲ್ಲಿ ನೋಡಿ. ಎಷ್ಟು ಅಂಕ ಬೇಕು ಎಂಬುದು ಗೊತ್ತಾದರೆ ಎಷ್ಟು ದುಡ್ಡು ಬೇಕು ಎಂಬುದೂ ಅರ್ಧ ಗೊತ್ತಾಗುತ್ತದೆ.

ಗುರಿ ತಿಳಿದ ಮೇಲೆ ಮಗು ಎಡವುತ್ತಿರುವುದು ಎಲ್ಲಿ ಎಂದು ನೋಡಿ. ಕೆಮಿಸ್ಟ್ರಿ ಎಂಬ ಒಂದು ಹೆಸರಿನಡಿ ಮೂರು ಬೇರೆ ಬೇರೆ ಓದು ಕೂತಿವೆ. ಫಿಸಿಕಲ್ ಕೆಮಿಸ್ಟ್ರಿ ಲೆಕ್ಕ ಬೇಡುತ್ತದೆ. ಇನಾರ್ಗ್ಯಾನಿಕ್ ಎನ್‌ಸಿಇಆರ್‌ಟಿ ಪುಸ್ತಕದ ಸಾಲುಸಾಲನ್ನೂ ತಾಳ್ಮೆಯಿಂದ ಓದಬೇಕಾದ ಭಾಗ. ಆರ್ಗ್ಯಾನಿಕ್‌ನಲ್ಲಿ ಇಲೆಕ್ಟ್ರಾನು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಕೈಯಿಂದ ಬಾಣ ಹಾಕಿ ಹಾಕಿ ಕಲಿಯಬೇಕು. ಈಗಿನ ಪಠ್ಯದಲ್ಲಿ ಪ್ರಥಮ ಪಿಯುಸಿಗೆ 9 ಅಧ್ಯಾಯ, ದ್ವಿತೀಯಕ್ಕೆ 10. ದ್ವಿತೀಯದ ಹತ್ತರಲ್ಲಿ ದ್ರಾವಣಗಳು, ಇಲೆಕ್ಟ್ರೋಕೆಮಿಸ್ಟ್ರಿ, ಕೈನೆಟಿಕ್ಸ್ ಮೂರು ಲೆಕ್ಕದವು. ಡಿ ಮತ್ತು ಎಫ್ ಬ್ಲಾಕ್, ಕೋಆರ್ಡಿನೇಶನ್ ಸಂಯುಕ್ತಗಳು ಎರಡು ಇನಾರ್ಗ್ಯಾನಿಕ್. ಉಳಿದ ಐದೂ ಆರ್ಗ್ಯಾನಿಕ್ ಕಡೆಯವೇ: ಹ್ಯಾಲೋಆಲ್ಕೇನ್‌ನಿಂದ ಹಿಡಿದು ಅಮೀನ್, ಬಯೋಮಾಲಿಕ್ಯೂಲ್‌ವರೆಗೆ. ಪ್ರಥಮ ವರ್ಷದ ಕೊನೆಗೆ ಬರುವ "ಆರ್ಗ್ಯಾನಿಕ್‌ನ ಮೂಲತತ್ವಗಳು" ಅಧ್ಯಾಯವನ್ನು ಪರೀಕ್ಷೆಯ ಅವಸರದಲ್ಲಿ ಹಾರಿಸಿದ ಮಗುವಿಗೆ ಎರಡನೆಯ ವರ್ಷದ ಅರ್ಧ ಪುಸ್ತಕ ಕತ್ತಲು. ನಮ್ಮ ಕಡೆ ಬಹುಪಾಲು ಮಕ್ಕಳು ಕುಸಿಯುವುದು ಈ ಗುಂಡಿಯಲ್ಲೇ, ಬೈಗುಳ ಮಾತ್ರ ದ್ವಿತೀಯ ಪಿಯುಸಿಯ ಮೇಷ್ಟ್ರಿಗೆ.

ಮನೆಯಲ್ಲೇ ಒಂದು ತಾಸು ಕೂರಿಸಿ ನೋಡಬಹುದು. ಎಸ್ಸೆಸ್ಸೆಲ್ಸಿ ಮುಗಿಸಿದವನಿಗೆ ಕಾದ ಕಬ್ಬಿಣ ಮತ್ತು ಹಬೆಯ ಕ್ರಿಯೆಯ ಸಮೀಕರಣ ಸರಿದೂಗಿಸಲು ಕೊಡಿ. ಪೆಂಟೇನ್‌ನ ಐಸೋಮರ್‌ಗಳನ್ನೆಲ್ಲ (ಒಂದೇ ಸೂತ್ರದ ಬೇರೆ ಬೇರೆ ರಚನೆಗಳನ್ನು) ಬರೆಯಲು ಹೇಳಿ, ಮೂರು ಬರಬೇಕು. ಪ್ರಥಮ ಪಿಯುಸಿಯಲ್ಲಿ ನಾಲ್ಕಾರು ತಿಂಗಳು ಕಳೆದವಳಾದರೆ 5.85 ಗ್ರಾಂ ಅಡುಗೆ ಉಪ್ಪು ಕರಗಿದ 500 ಮಿಲಿಲೀಟರ್ ದ್ರಾವಣದ ಮೊಲಾರಿಟಿ ಕೇಳಿ, ಉತ್ತರ 0.2. ಪೊಟ್ಯಾಸಿಯಂ ಡೈಕ್ರೋಮೇಟ್‌ನಲ್ಲಿ ಕ್ರೋಮಿಯಂನ ಆಕ್ಸಿಡೇಶನ್ ಸಂಖ್ಯೆ ಕೇಳಿ, ಧನ 6. ಉತ್ತರಕ್ಕಿಂತ ಎಲ್ಲಿ ನಿಂತಳು ಎಂಬುದನ್ನು ಗಮನಿಸಿ. ಸೂತ್ರ ಸರಿಯಿದ್ದು ದಶಮಾಂಶದ ಭಾಗಾಕಾರದಲ್ಲಿ ಸಿಕ್ಕಿಬಿದ್ದರೆ ಅದು ಗಣಿತದ ತೊಂದರೆ; ಅದಕ್ಕೆ ಕೆಮಿಸ್ಟ್ರಿ ಕೋಚಿಂಗ್ ಕಟ್ಟಿದರೆ ದುಡ್ಡು ಹೋಗುತ್ತದೆ, ತೊಂದರೆ ಉಳಿಯುತ್ತದೆ. ಪಿಎಚ್, ನರ್ನ್‌ಸ್ಟ್ ಸಮೀಕರಣ, ಪ್ರಥಮ ದರ್ಜೆಯ ಕೈನೆಟಿಕ್ಸ್ ಮೂರಕ್ಕೂ ಲಾಗ್ ಬೇಕು, ನೀಟ್‌ಗೂ ಕೆಸಿಇಟಿಗೂ ಕ್ಯಾಲ್ಕುಲೇಟರ್ ಬಿಡುವುದಿಲ್ಲ. ಲಾಗ್ ಮತ್ತು ಘಾತಾಂಕವನ್ನು ಎರಡು ವಾರ ಗಣಿತದ ಮೇಷ್ಟ್ರ ಹತ್ತಿರ ಕಲಿತರೆ ಫಿಸಿಕಲ್ ಕೆಮಿಸ್ಟ್ರಿಯ ಅರ್ಧ ಭಯ ಹೋಗುತ್ತದೆ.

ಉಳಿದವು ಬೇಗ ಹೇಳಿ ಮುಗಿಸುವಂಥವು. ನೋಟ್‌ಬುಕ್ ಯಾರು ನೋಡುತ್ತಾರೆ? ಲ್ಯಾಬಿನಲ್ಲಿ ಮಗುವಿನ ಕೈಗೆ ಬ್ಯುರೆಟ್ (ದ್ರಾವಣ ಅಳೆದು ಬಿಡುವ ಗಾಜಿನ ಕೊಳವೆ) ಸಿಗುತ್ತದೆಯೇ? ಓಡಾಟಕ್ಕೆ ದಿನಕ್ಕೆಷ್ಟು ತಾಸು, ನಿದ್ದೆಗೆಷ್ಟು ಉಳಿಯುತ್ತದೆ? ಫೀಸಿನ ಜೊತೆ ಹಾಸ್ಟೆಲ್, ಊಟ, ಮೆಟೀರಿಯಲ್, ಊರಿಗೆ ಬಂದುಹೋಗುವ ಖರ್ಚು ಸೇರಿಸಿದರೆ ಎರಡು ವರ್ಷಕ್ಕೆ ಒಟ್ಟು ಎಷ್ಟು?

ಕಾಲೇಜು ಪಾಠ ಮತ್ತು ಎನ್‌ಸಿಇಆರ್‌ಟಿ ಪುಸ್ತಕ

ಕಡಿಮೆ ದುಡ್ಡಿನದ್ದೆಂದು ಎಲ್ಲರೂ ಕಡೆಗಣಿಸುವ ಆಯ್ಕೆ ಇದು, ನಾನು ಮಾತ್ರ ಮೊದಲು ಪರೀಕ್ಷಿಸುವುದು ಇದನ್ನೇ. ಸರ್ಕಾರಿ ಮತ್ತು ಅನುದಾನಿತ ಪಿಯು ಕಾಲೇಜಿನ ಕಾಯಂ ಉಪನ್ಯಾಸಕರು ಎಂಎಸ್ಸಿ ಮಾಡಿದವರು. ಹಲವರು ದ್ವಿತೀಯ ಪಿಯುಸಿ ಉತ್ತರಪತ್ರಿಕೆ ತಿದ್ದಿದವರು. ಯಾವ ಸಾಲಿಗೆ ಅಂಕ, ಯಾವುದಕ್ಕಿಲ್ಲ ಎಂಬುದನ್ನು ಅವರಷ್ಟು ಬಲ್ಲವರು ಕೋಚಿಂಗ್‌ನಲ್ಲಿ ವಿರಳ. ಸ್ಟಾಫ್ ರೂಮಿಗೆ ನೋಟ್‌ಬುಕ್ ಹಿಡಿದು ಹೋದ ಮಗುವನ್ನು ಓಡಿಸಿದ ಮೇಷ್ಟ್ರನ್ನು ನಾನಂತೂ ಅಷ್ಟಾಗಿ ನೋಡಿಲ್ಲ. ಹೋಗುವ ಮಕ್ಕಳೇ ಕಡಿಮೆ.

ತೊಂದರೆ ಇರುವುದು ಹುದ್ದೆ ಖಾಲಿ ಇರುವ ಕಡೆ. ಅತಿಥಿ ಉಪನ್ಯಾಸಕರು ಬರುವ ಹೊತ್ತಿಗೆ ತಿಂಗಳುಗಳೇ ಉರುಳಿರುತ್ತವೆ, ಪ್ರಥಮ ಪಿಯುಸಿಯ ಮೊದಲ ಅಧ್ಯಾಯದ ಮೋಲ್ ಪರಿಕಲ್ಪನೆ ಗಾಳಿಗೆ ಹೋಗಿರುತ್ತದೆ. ಆದ್ದರಿಂದ ಸೇರಿಸುವ ಮುನ್ನ ಕಟ್ಟಡ ನೋಡಬೇಡಿ, ಎರಡು ಪ್ರಶ್ನೆ ಕೇಳಿ: ಕೆಮಿಸ್ಟ್ರಿಗೆ ಕಾಯಂ ಉಪನ್ಯಾಸಕರಿದ್ದಾರೆಯೇ? ಕಳೆದ ವರ್ಷ ಲ್ಯಾಬ್ ಯಾವ ತಿಂಗಳಲ್ಲಿ ಶುರುವಾಯಿತು? ಎರಡನೆಯದಕ್ಕೆ "ಜನವರಿ" ಎಂಬ ಉತ್ತರ ಬಂದರೆ ಅಲ್ಲಿ ಟೈಟ್ರೇಶನ್ (ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗ) ಎಂಬುದು ಬೋರ್ಡಿನ ಮೇಲೆ ನಡೆಯುತ್ತದೆ. ಆಕ್ಸಾಲಿಕ್ ಆಮ್ಲವನ್ನು ಬಿಸಿ ಮಾಡಿ ಪರ್ಮಾಂಗನೇಟ್ ಬಿಡಬೇಕು, ಮೊಹರ್ಸ್ ಲವಣವನ್ನು ಬಿಸಿ ಮಾಡಬಾರದು, ಕೊನೆಯ ಒಂದು ಹನಿಗೆ ತಿಳಿಗುಲಾಬಿ ನಿಲ್ಲಬೇಕು. ಇದನ್ನು ಕಣ್ಣಾರೆ ಕಂಡವನು ಪರೀಕ್ಷೆಯಲ್ಲಿ ಮರೆಯುವುದಿಲ್ಲ. ನೀಟ್ ಪಠ್ಯಕ್ರಮದಲ್ಲೂ ಪ್ರಾಯೋಗಿಕ ಕೆಮಿಸ್ಟ್ರಿಯ ತತ್ವಗಳು ಇವೆ ಎಂಬುದನ್ನು ನೆನಪಿಡಿ.

ಒಳ್ಳೆಯ ಮೇಷ್ಟ್ರನ್ನು ಗುರುತಿಸಲು ನನ್ನದೊಂದು ಉಪಾಯವಿದೆ. ವಾಡಿ, ಸೇಡಂ ಕಡೆ ಸುಣ್ಣದಕಲ್ಲಿನಿಂದ ಸಿಮೆಂಟ್ ಮಾಡುತ್ತಾರಲ್ಲ, ಗೂಡಿನಲ್ಲಿ ಕಲ್ಲು ಕಾದಾಗ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗದಂತೆ ಮುಚ್ಚಿಟ್ಟರೆ ಏನಾಗುತ್ತದೆ ಎಂದು ಮಗುವಿನ ಮೂಲಕ ಕೇಳಿಸಿ. ಪ್ರಥಮ ಪಿಯುಸಿಯ ಸಮತೋಲನ ಅಧ್ಯಾಯದಲ್ಲಿ ಇದೇ ಕ್ಯಾಲ್ಸಿಯಂ ಕಾರ್ಬೊನೇಟ್ ಉದಾಹರಣೆ ಇದೆ. ಬೀದರಿನವರಾದರೆ ಬಿದರಿ ಪಾತ್ರೆ ಕೇಳಿ: ಸತುವೇ ಹೆಚ್ಚು, ತಾಮ್ರ ಸ್ವಲ್ಪ ಇರುವ ಮಿಶ್ರಲೋಹದ ಮೇಲೆ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ, ಯಾಕೆ? ಪೂರ್ತಿ ಉತ್ತರ ಬಾರದಿದ್ದರೂ ಪರವಾಗಿಲ್ಲ. ಕಣ್ಣರಳಿಸಿ "ಬಾ, ನೋಡೋಣ" ಎಂದು ಪುಸ್ತಕ ತೆಗೆಯುವ ಮೇಷ್ಟ್ರು ಸಿಕ್ಕರೆ ಮಗುವನ್ನು ಅಲ್ಲೇ ಬಿಡಿ. "ಸಿಲಬಸ್ಸಿನಾಗ ಇಲ್ಲ" ಎಂದವರ ಹತ್ತಿರ ನೋಟ್ಸ್ ಸಿಗಬಹುದು, ಅಷ್ಟೇ.

ಕನ್ನಡ ಮಾಧ್ಯಮದಿಂದ ಬಂದವರ ಕಷ್ಟ ಪ್ರತ್ಯೇಕ. ಊರಿನ ಶಾಲೆಯಲ್ಲಿ ಆಮ್ಲ, ಪ್ರತ್ಯಾಮ್ಲ ಎಂದು ಓದಿ 90 ತೆಗೆದ ಹುಡುಗಿ ಜೂನ್‌ನಲ್ಲಿ ಇಂಗ್ಲಿಷ್ ಪಾಠ ಕೇಳಿ ತಾನು ದಡ್ಡಿ ಎಂದುಕೊಳ್ಳುತ್ತಾಳೆ. ಉರ್ದು, ಮರಾಠಿ ಮಾಧ್ಯಮದವರಿಗೂ ಇದೇ ಪಾಡು. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಎರಡು ಭಾಷೆಯ ಪದಗಳನ್ನು ಜೋಡಿಯಾಗಿ ಬರೆಯುತ್ತ ಹೋದರೆ ದಸರಾ ಹೊತ್ತಿಗೆ ಹಿಡಿತ ಬರುತ್ತದೆ. ನೀಟ್ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೂ ಆಯ್ದುಕೊಳ್ಳಬಹುದು. ಎರಡು ವರ್ಷ ಇಂಗ್ಲಿಷ್‌ನಲ್ಲಿ ಓದಿದ ಮೇಲೆ ಅದು ಅನುಕೂಲವೋ ತೊಡಕೋ ಎಂಬುದನ್ನು ಹಳೆಯ ಕನ್ನಡ ಪತ್ರಿಕೆಯೊಂದನ್ನು ಬಿಡಿಸಿ ನೋಡಿಯೇ ತೀರ್ಮಾನಿಸಬೇಕು.

ಸಂಜೆಯ ಟ್ಯೂಷನ್

ಕಲಬುರಗಿ ನಗರದಲ್ಲಿ, ಸ್ವಲ್ಪ ಮಟ್ಟಿಗೆ ಬೀದರಿನಲ್ಲಿ, ವಿಷಯವಾರು ಟ್ಯೂಷನ್ ಸಿಗುತ್ತದೆ. ಶಹಾಪುರ, ಚಿಂಚೋಳಿ, ಔರಾದ್ ಕಡೆ ಇರುವುದು ಒಂದೋ ಎರಡೋ, ಅಲ್ಲಿ ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಖರ್ಚು ವರ್ಷಕ್ಕೆ ಸಾವಿರಗಳ ಲೆಕ್ಕದಲ್ಲಿ ಮುಗಿಯುತ್ತದೆ, ಮಗು ಮನೆಯಲ್ಲೇ ಇರುತ್ತದೆ, ಊಟ ನಿದ್ದೆ ಸರಿ ಇರುತ್ತದೆ.

ಟ್ಯೂಷನ್ನಿನ ಒಳಿತು ಕೆಡುಕು ಎರಡೂ ಬ್ಯಾಚಿನ ಗಾತ್ರದಲ್ಲಿದೆ. ಹದಿನೈದು ಮಕ್ಕಳಿರುವ ಕಡೆ ನೋಟ್‌ಬುಕ್ ನೋಡುತ್ತಾರೆ. ನೂರು ಮಕ್ಕಳು ಮೈಕಿನಲ್ಲಿ ಪಾಠ ಕೇಳುವ ಕಡೆ ಅದು ಇನ್ನೊಂದು ಕಾಲೇಜು, ಲ್ಯಾಬ್ ಇಲ್ಲದ ಕಾಲೇಜು. ಇನ್ನೊಂದು ಮಾತು: ಒಬ್ಬರೇ ಮೇಷ್ಟ್ರು ಮೂರೂ ಭಾಗವನ್ನು ಸಮನಾಗಿ ಹೇಳುವುದು ಅಪರೂಪ. ಲೆಕ್ಕದಲ್ಲಿ ಪಳಗಿದವರು ಆರ್ಗ್ಯಾನಿಕ್ ಬಂದಾಗ ಹೆಸರಿಟ್ಟ ಕ್ರಿಯೆಗಳ ಪಟ್ಟಿ ಬರೆಸಿ ಮುಂದೆ ಸಾಗುತ್ತಾರೆ. ಹಾಗಾಗಿ ಇಡೀ ವರ್ಷದ ಬದಲು ಬೇಕಾದ ಭಾಗಕ್ಕಷ್ಟೇ ಮೂರು ತಿಂಗಳು ಸೇರಿಸುತ್ತೀರಾ ಎಂದು ಕೇಳಿ. ಬಹಳಷ್ಟು ಮಂದಿ ಮೊದಲು ತಲೆಯಾಡಿಸುವುದಿಲ್ಲ, ಬ್ಯಾಚ್ ಮಧ್ಯೆ ಸೀಟು ಖಾಲಿಯಿದ್ದರೆ ಒಪ್ಪುತ್ತಾರೆ. ನನ್ನ ಲೆಕ್ಕದಲ್ಲಿ ಕಾಲೇಜಿನ ಲ್ಯಾಬ್ ಚೆನ್ನಾಗಿದ್ದು, ಮಗುವಿಗೆ ಒಂದೇ ಭಾಗ ಕೈಕೊಡುತ್ತಿದ್ದರೆ, ಕೊಟ್ಟ ದುಡ್ಡಿಗೆ ಇದಕ್ಕಿಂತ ಹೆಚ್ಚು ಫಲ ಬೇರೆ ಯಾವುದರಿಂದಲೂ ಸಿಗುವುದಿಲ್ಲ.

ಶಹಾಬಾದ್, ವಾಡಿ, ಚಿತ್ತಾಪುರದಿಂದ ಮಕ್ಕಳು ರೈಲಿನಲ್ಲಿ ಕಲಬುರಗಿಗೆ ಬಂದುಹೋಗುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನ ಖರ್ಚೂ ಇಲ್ಲ. ಆದರೆ ಕತ್ತಲಾದ ಮೇಲೆ ಹಳ್ಳಿಗೆ ಕೊನೆಯ ಬಸ್ ಎಷ್ಟಕ್ಕೆ ಎಂಬುದನ್ನು ಮೊದಲು ನೋಡಿ, ಆಮೇಲೆ ಬ್ಯಾಚ್ ಸಮಯ ಕೇಳಿ. ಬೆಳಗಿನ ಆರೂವರೆ ಬ್ಯಾಚ್ ಇದ್ದರೆ ಹಲವರಿಗೆ ಅದೇ ಮೇಲು. ಏಪ್ರಿಲ್ ಬಿಸಿಲಿನಲ್ಲಂತೂ ಬೇರೆ ದಾರಿಯೇ ಇಲ್ಲ.

ಇಂಟಿಗ್ರೇಟೆಡ್ ಕಾಲೇಜು ಮತ್ತು ಹಾಸ್ಟೆಲ್

ಪಿಯುಸಿ, ಕೋಚಿಂಗ್ ಎರಡೂ ಒಂದೇ ಸೂರಿನಡಿ. ಬೀದರಿನಲ್ಲಿ 1989ರಲ್ಲಿ ಬೆರಳೆಣಿಕೆಯ ಮಕ್ಕಳಿಂದ ಶುರುವಾದ ಶಾಹೀನ್ ಸಂಸ್ಥೆ ನೀಟ್ ತರಬೇತಿಯಿಂದ ಹೆಸರಾಗಿ, ಈಗ ಹೊರರಾಜ್ಯದ ಮಕ್ಕಳೂ ಬೀದರಿಗೆ ಬರುತ್ತಾರೆ. ಕಲಬುರಗಿಯಲ್ಲೂ ಈ ಮಾದರಿಯ ಕಾಲೇಜುಗಳು ಹಲವಿವೆ. ಹಾಸ್ಟೆಲ್ ಸೇರಿ ವರ್ಷಕ್ಕೆ ಲಕ್ಷ ದಾಟುವುದು ಸಾಮಾನ್ಯ. ಅಂಕ ನೋಡಿ ರಿಯಾಯಿತಿ ಕೊಡುವ ಕಡೆಯೂ ಇವೆ, ಕೇಳದೆ ಯಾರೂ ಕೊಡುವುದಿಲ್ಲ.

ಕೆಮಿಸ್ಟ್ರಿಯ ಮಟ್ಟಿಗೆ ಇದರ ದೊಡ್ಡ ಲಾಭ, ದೊಡ್ಡ ಕಾಲೇಜುಗಳಲ್ಲಿ ಫಿಸಿಕಲ್, ಆರ್ಗ್ಯಾನಿಕ್, ಇನಾರ್ಗ್ಯಾನಿಕ್‌ಗೆ ಬೇರೆ ಬೇರೆ ಮೇಷ್ಟ್ರು ಸಿಗುವುದು. ಎರಡನೆಯದು ವಾರವಾರದ ಟೆಸ್ಟ್. ಮೂರನೆಯದನ್ನು ಯಾರೂ ಕರಪತ್ರದಲ್ಲಿ ಹಾಕುವುದಿಲ್ಲ: ಸಂಜೆ ಓದಲು ಕೂತಾಗ ಪಕ್ಕದಲ್ಲಿ ಕೂತ ಗೆಳೆಯ ಲೆಕ್ಕ ಬಿಡಿಸಿ ತೋರಿಸುತ್ತಾನೆ. ಮನೆಯಲ್ಲಿ ಮೇಜಿಲ್ಲದ, ಕರೆಂಟ್ ಹೋಗುವ, ಕೆಲಸಕ್ಕೆ ಕರೆಯುವ ಮನೆಯ ಮಗುವಿಗೆ ಅದೊಂದೇ ದೊಡ್ಡ ಬದಲಾವಣೆ.

ಇಲ್ಲಿ ಪಠ್ಯದ ಒಂದು ಸೂಕ್ಷ್ಮವೂ ಇದೆ. ಪಠ್ಯ ಕಡಿತವಾದಾಗ ಎನ್‌ಸಿಇಆರ್‌ಟಿ ಪುಸ್ತಕದಿಂದ ಪಿ ಬ್ಲಾಕ್ ಹೋಯಿತು, ಆದರೆ ನೀಟ್ ಮತ್ತು ಜೆಇಇ ಪಠ್ಯಕ್ರಮದಲ್ಲಿ ಅದು ಉಳಿದಿದೆ. ಪಿಯು ಪುಸ್ತಕವನ್ನಷ್ಟೇ ಓದಿದ ಮಗು ನೀಟ್‌ನಲ್ಲಿ ಅಲ್ಲಿ ತಡಬಡಾಯಿಸುತ್ತದೆ. ಒಳ್ಳೆಯ ಇಂಟಿಗ್ರೇಟೆಡ್ ಕಾಲೇಜು ಈ ಕೊರತೆ ತುಂಬುತ್ತದೆ. ಮನೆಯಲ್ಲೇ ಓದುವವರು ಹಳೆಯ ಮುದ್ರಣದ ಪುಸ್ತಕ ಹುಡುಕಿ ಆ ಅಧ್ಯಾಯ ಓದಬೇಕು. ಕೆಸಿಇಟಿ ಮಾತ್ರ ಬರೆಯುವವರಿಗೆ ಈ ಭಾರ ಬೇಡ. 2024ರ ಕೆಸಿಇಟಿಯಲ್ಲಿ ಪಠ್ಯದಾಚೆಯ ಪ್ರಶ್ನೆಗಳ ಬಗ್ಗೆ ಗದ್ದಲವಾಗಿ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟದ್ದು ನೆನಪಿರಬಹುದು.

ಇನ್ನು ನಷ್ಟದ ಮಾತು. ಅಂಕದ ಮೇಲೆ ಸೆಕ್ಷನ್ ಒಡೆಯುವ ಕಾಲೇಜಿನಲ್ಲಿ ಜಾಹೀರಾತಿನ ಮೇಷ್ಟ್ರು ಮೊದಲ ಸೆಕ್ಷನ್ನಿಗೆ ಬರುತ್ತಾರೆ, ಕೊನೆಯ ಸೆಕ್ಷನ್ನಿಗೆ ನಿನ್ನೆ ಮೊನ್ನೆ ಎಂಎಸ್ಸಿ ಮುಗಿಸಿದವರು. ಫೀಸು ಮಾತ್ರ ಎರಡಕ್ಕೂ ಒಂದೇ. ಎಸ್ಸೆಸ್ಸೆಲ್ಸಿಯಲ್ಲಿ 60 ತೆಗೆದ ಮಗುವನ್ನು ಕರೆದೊಯ್ದರೆ ಕೇಳಬೇಕಾದ ಪ್ರಶ್ನೆ ಇದು: ಇವನು ಯಾವ ಸೆಕ್ಷನ್ನಿಗೆ ಹೋಗುತ್ತಾನೆ, ಅಲ್ಲಿ ಆರ್ಗ್ಯಾನಿಕ್ ಯಾರು ಹೇಳುತ್ತಾರೆ? ಗೋಡೆಯ ಮೇಲಿನ ಡಾಕ್ಟರ್ ಸೀಟುಗಳ ಫೋಟೊ ಎಣಿಸಬೇಡಿ. ಒಟ್ಟು ಎಷ್ಟು ಮಂದಿ ಪರೀಕ್ಷೆ ಬರೆದಿದ್ದರು, ಅವರಲ್ಲಿ ಒಂದು ವರ್ಷ ರಿಪೀಟ್ ಮಾಡಿದವರೆಷ್ಟು ಎಂದು ಕೇಳಿ. ದಿನಕ್ಕೆ ಹದಿನಾಲ್ಕು ತಾಸಿನ ವೇಳಾಪಟ್ಟಿಯಲ್ಲಿ ಲ್ಯಾಬ್ ಕಾಣದಿದ್ದರೆ ಎಂಜಿನಿಯರಿಂಗ್ ಮಕ್ಕಳು ಅಲ್ಲಿಗೆ ಹೋಗಬಾರದು. ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಎಂಬುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಜುಲೈವರೆಗೂ ಉಳಿಯುವುದಿಲ್ಲ.

ಲಾತೂರು, ಹೈದರಾಬಾದ್, ಮೂಡುಬಿದಿರೆ, ಕೋಟಾ

ಬೀದರ್, ಭಾಲ್ಕಿ, ಬಸವಕಲ್ಯಾಣದವರಿಗೆ ಲಾತೂರು ಹತ್ತಿರ. ಮರಾಠಿ ಬಲ್ಲ ಮನೆಗಳಿಗೆ ಅದು ಪರವೂರೆನಿಸುವುದೂ ಇಲ್ಲ. ಯಾದಗಿರಿ, ಗುರುಮಠಕಲ್ ಕಡೆಯವರಿಗೆ ಹೈದರಾಬಾದ್. ಜೆಇಇ ಅಡ್ವಾನ್ಸ್ಡ್ ಮಟ್ಟದ ಫಿಸಿಕಲ್ ಕೆಮಿಸ್ಟ್ರಿ ಬೇಕೆನ್ನುವ, ಈಗಾಗಲೇ ತಾನಾಗಿಯೇ ಲೆಕ್ಕ ಬಿಡಿಸುವ ಮಗುವಿಗೆ ಹೊರಗೆ ಹೋಗಿ ಲಾಭವಿದೆ. ಉಳಿದವರಿಗೆ ಊರು ಬದಲಾದ ಮಾತ್ರಕ್ಕೆ ಮೋಲ್ ಬದಲಾಗುವುದಿಲ್ಲ.

ರಾಜ್ಯದಾಚೆ ಹೋಗುವವರು ಒಂದು ಕೆಲಸ ಮೊದಲೇ ಮಾಡಬೇಕು: ಕರ್ನಾಟಕದ ಸೀಟಿಗೆ ಎಷ್ಟು ವರ್ಷ ಇಲ್ಲಿ ಓದಿರಬೇಕು, ಯಾವ ಪರೀಕ್ಷೆ ಇಲ್ಲಿ ಪಾಸಾಗಿರಬೇಕು ಎಂಬ ನಿಯಮವನ್ನು ಆ ವರ್ಷದ ಕೆಇಎ ಮಾಹಿತಿ ಪುಸ್ತಿಕೆಯಲ್ಲಿ ಓದಿ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಸಹಾಯಕ ಆಯುಕ್ತರ ಕಚೇರಿಯ 371(ಜೆ) ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಬೇಕು. ಎರಡು ವರ್ಷ ಕಳೆದು ಕೌನ್ಸೆಲಿಂಗ್ ವಾರದಲ್ಲಿ ಕಚೇರಿ ಸುತ್ತುವ ಪಾಲಕರು ಪ್ರತಿ ವರ್ಷ ಕಾಣುತ್ತಾರೆ.

ಮೊಬೈಲ್

ಪುಕ್ಕಟೆ ಸಿಗುವುದು ಕಡಿಮೆಯೇನಿಲ್ಲ. ಎನ್‌ಸಿಇಆರ್‌ಟಿ ಪುಸ್ತಕಗಳೆಲ್ಲ ಅದರ ಜಾಲತಾಣದಲ್ಲಿವೆ. ಶಿಕ್ಷಣ ಸಚಿವಾಲಯ ಐಐಟಿ ಕಾನ್ಪುರದ ಜೊತೆ ಸೇರಿ ನಡೆಸುವ ಸಾಥಿ ತಾಣದಲ್ಲಿ ಜೆಇಇ, ನೀಟ್ ಪಾಠ ಮತ್ತು ಟೆಸ್ಟ್ ದುಡ್ಡಿಲ್ಲದೆ ಸಿಗುತ್ತವೆ. ಯೂಟ್ಯೂಬಿನಲ್ಲಿ ಕನ್ನಡದಲ್ಲಿ ಪಿಯು ಕೆಮಿಸ್ಟ್ರಿ ಹೇಳುವವರೂ ಇದ್ದಾರೆ. ದುಡ್ಡಿನ ಆ್ಯಪ್ ಬ್ಯಾಚುಗಳು ಹಾಸ್ಟೆಲ್ಲಿನ ಮುಂದೆ ಏನೂ ಅಲ್ಲ, ಕೆಲವೇ ಸಾವಿರ. ಆದರೆ ಹೆಚ್ಚಿನವು ಹಿಂದಿಯಲ್ಲಿ ನಡೆಯುತ್ತವೆ. ಉರ್ದು ಬಲ್ಲ ಕಲಬುರಗಿ, ಬೀದರ್ ಮಕ್ಕಳಿಗೆ ಅದು ಅಡ್ಡಿಯಾಗದು, ಸುರಪುರದ ಹಳ್ಳಿಯ ಹುಡುಗನಿಗೆ ಆದೀತು.

ಎಲ್ಲಕ್ಕಿಂತ ಚೆನ್ನಾಗಿ ಹೇಳುವ ಮೇಷ್ಟ್ರು ಮೊಬೈಲಿನಲ್ಲೇ ಇರಬಹುದು, ಒಪ್ಪುತ್ತೇನೆ. ಆದರೆ ಅವರು ನಿಮ್ಮ ಮಗುವಿನ ನೋಟ್‌ಬುಕ್ ನೋಡುವುದಿಲ್ಲ. ಆರ್ಗ್ಯಾನಿಕ್ ವಿಡಿಯೊ ನೋಡುವಾಗ ಎಲ್ಲ ತಿಳಿದಂತೆ ಅನಿಸುತ್ತದೆ. ನಿಲ್ಲಿಸಿ ಖಾಲಿ ಹಾಳೆಯ ಮೇಲೆ ಅದೇ ಬಾಣ ಹಾಕು ಎಂದರೆ ಪೆನ್ನು ಏಳುವುದಿಲ್ಲ. ಅದಕ್ಕೇ ಆನ್‌ಲೈನ್ ಚೆನ್ನಾಗಿ ಒಗ್ಗುವುದು ಫಿಸಿಕಲ್ ಕೆಮಿಸ್ಟ್ರಿಗೆ. ಅಲ್ಲಿ ಉತ್ತರ ಸರಿಯೋ ತಪ್ಪೋ ಸಂಖ್ಯೆಯೇ ಹೇಳುತ್ತದೆ. ಇನಾರ್ಗ್ಯಾನಿಕ್‌ಗೆ ಪುಸ್ತಕ ಸಾಕು. ಆರ್ಗ್ಯಾನಿಕ್‌ಗೆ ಮನುಷ್ಯ ಬೇಕು.

ಯಾರಿಗೆ ಯಾವುದು

ಕಲಬುರಗಿ ನಗರದ ಹುಡುಗ, ಎಸ್ಸೆಸ್ಸೆಲ್ಸಿಯಲ್ಲಿ 80ರ ಆಸುಪಾಸು, ಎಂಜಿನಿಯರಿಂಗ್ ಬೇಕು, ಮನೆಯಲ್ಲಿ ದುಡ್ಡು ಅಷ್ಟಕ್ಕಷ್ಟೇ ಎಂದಾದರೆ ನಾನು ಲ್ಯಾಬ್ ಸರಿಯಿರುವ ಅನುದಾನಿತ ಅಥವಾ ಸರ್ಕಾರಿ ಕಾಲೇಜು, ಆರ್ಗ್ಯಾನಿಕ್‌ಗೆ ಮಾತ್ರ ಟ್ಯೂಷನ್, ಜನವರಿಯಿಂದ ಹಳೆಯ ಸಿಇಟಿ ಪತ್ರಿಕೆ ಎನ್ನುತ್ತೇನೆ. ಹಾಸ್ಟೆಲ್ ಬೇಡ.

ಯಾದಗಿರಿ ಹಳ್ಳಿಯ ತೊಗರಿ ಬೆಳೆಯುವ ಮನೆಯ ಹುಡುಗಿ, ನೀಟ್ ಆಸೆ, ಹತ್ತಿರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಹುದ್ದೆ ಖಾಲಿ. ಇವಳಿಗೆ ಮನೆಯಲ್ಲಿ ಕೂತು ಮೊಬೈಲ್ ಎನ್ನುವುದು ಅಗ್ಗದ ಸಲಹೆ, ಒಳ್ಳೆಯ ಸಲಹೆಯಲ್ಲ. ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ಲಿಗೆ ಅರ್ಜಿ ಹಾಕಿ ಜಿಲ್ಲಾ ಕೇಂದ್ರದಲ್ಲಿ ಕಾಯಂ ಉಪನ್ಯಾಸಕರಿರುವ ಕಾಲೇಜಿಗೆ ಸೇರಿಸಿ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಆ ವಾರವೇ ಅರ್ಜಿ ಹಾಕಿ. ಅಂಕ 90 ದಾಟಿದ್ದರೆ ಇಂಟಿಗ್ರೇಟೆಡ್ ಕಾಲೇಜುಗಳಿಗೆ ಹೋಗಿ ರಿಯಾಯಿತಿ ಕೇಳಿ. ಹೊಲ ಅಡವಿಟ್ಟು ಮಾತ್ರ ಸೇರಿಸಬೇಡಿ.

ದುಡ್ಡಿಗೆ ತೊಂದರೆಯಿಲ್ಲದ, 90 ದಾಟಿದ, ನೀಟ್ ಒಂದೇ ಗುರಿಯೆಂದು ಮಗುವೇ ಹೇಳುವ ಮನೆಗೆ ಬೀದರ್ ಅಥವಾ ಕಲಬುರಗಿಯ ಇಂಟಿಗ್ರೇಟೆಡ್ ಸರಿ. ಹೇಳುತ್ತಿರುವುದು ಮಗುವೋ ಮಾವನೋ ನೋಡಿಕೊಳ್ಳಿ. 50ರಿಂದ 60ರ ನಡುವೆ ಬಂದು, ಸೈನ್ಸೇ ಬೇಕೆನ್ನುವ ಮಗುವಿಗೆ ಪುಟ್ಟ ಬ್ಯಾಚಿನ ಟ್ಯೂಷನ್ನನ್ನು ಮೊದಲ ದಿನದಿಂದಲೇ, ಮೋಲ್ ಪರಿಕಲ್ಪನೆಗೂ ಮುಂಚೆ ಹತ್ತನೆಯ ತರಗತಿಯ ಸಮೀಕರಣ, ವೇಲೆನ್ಸಿಯಿಂದ ಶುರು ಮಾಡಿಸಿ. ದೊಡ್ಡ ಕಾಲೇಜಿನ ಕೊನೆಯ ಬೆಂಚಿಗಿಂತ ಅದು ಸಾವಿರ ಪಾಲು ಮೇಲು.

ನೀಟ್ ರಿಪೀಟ್ ಮಾಡುವವರ ಲೆಕ್ಕ ಇನ್ನೂ ಸರಳ, ಯಾಕೆಂದರೆ ಅವರ ಕೈಯಲ್ಲಿ ಅಂಕಪಟ್ಟಿ ಇದೆ. 180ಕ್ಕೆ ಕೆಮಿಸ್ಟ್ರಿಯಲ್ಲಿ 120 ದಾಟಿ ಫಿಜಿಕ್ಸ್‌ನಲ್ಲಿ ಬಿದ್ದವರು ಕೆಮಿಸ್ಟ್ರಿ ಪಾಠಕ್ಕೆ ಮತ್ತೆ ದುಡ್ಡು ಕಟ್ಟುವ ಅಗತ್ಯವಿಲ್ಲ, ಟೆಸ್ಟ್ ಸರಣಿ ಸಾಕು. 60ರ ಆಸುಪಾಸು ನಿಂತವರು ತಮ್ಮ ಉತ್ತರಗಳನ್ನು ಕೀ ಉತ್ತರದ ಜೊತೆ ಇಟ್ಟು, ತಪ್ಪಾದವುಗಳ ಪಕ್ಕ ಫಿಸಿಕಲ್, ಇನಾರ್ಗ್ಯಾನಿಕ್, ಆರ್ಗ್ಯಾನಿಕ್ ಎಂದು ಗುರುತು ಹಾಕಿಕೊಂಡು ಹೋಗಲಿ. ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೇ ಕೋಚಿಂಗ್ ಆಫೀಸಿನ ಮೆಟ್ಟಿಲು ಹತ್ತಬೇಕು, ಕೌಂಟರಿನಲ್ಲಿ ಕೂತವರಿಗೆ ಕೊಡದೆ ಕೆಮಿಸ್ಟ್ರಿ ಮೇಷ್ಟ್ರನ್ನು ಕರೆಸಿ ತೋರಿಸಬೇಕು. ಅವರು ಅದನ್ನು ಓದಿ ಏನು ಹೇಳುತ್ತಾರೆ ಎಂಬುದನ್ನು ಕೇಳಿದ ಮೇಲೆ ಫೀಸಿನ ಮಾತು.